ಗೊಂಬೆಯ ಕೈಯ ಪುಸ್ತಕ

ಚನ್ನಪಟ್ಟಣ
೧೨-೮-೧೯೮೭

ಯಜಮಾನರಾದ ಗಂಗಹನುಮಯ್ಯನವರಿಗೆ ಫಿರೋಜಾಳ ವಂದನೆಗಳು.

ಗೊಂಬೆಮನೆಗಳಿಗೆ ನೀವು ಹೇಳಿದ್ದ ಕಾಗದದ ಸಾಮಾನು ಈ ಡಬ್ಬಿಯಲ್ಲಿದೆ. ಕ್ಯಾಲೆಂಡರು, ಬೀಸಣಿಗೆ ಎಲ್ಲವೂ ಇಪ್ಪತ್ತಿಪ್ಪತ್ತು. ಹೆಣ್ಣುಗೊಂಬೆಯ ಕೈಗಿಡುವ ಪುಸ್ತಕ ಮಾತ್ರ ಹತ್ತೊಂಬತ್ತು. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು.

ಮೊನ್ನೆ ನೀವು, "ಒಳಗೆ ಅಕ್ಷರ ಯಾಕಮ್ಮ? ಸುಮ್ನೆ ಗೀಟು ಎಳ್ದ್‌ಬುಡು. ಗೊಂಬೆ ಕುಂತು ಓದ್ತದಾ?" ಅಂದಿರಿ. ಕಾರ್ಖಾನೆಯಲ್ಲಿದ್ದವರೆಲ್ಲ ನಕ್ಕರು. ತಾಳೆಗರಿಯಲ್ಲಿ ಆಟಿಕೆಗೆ ಹೊಳಪು ಕೊಡುತ್ತಿದ್ದ ನನ್ನ ಅಮ್ಮಿಯೂ ನಕ್ಕಳು. ಮೂವತ್ತು ವರ್ಷದಿಂದ ನಿಮ್ಮಲ್ಲಿ ದುಡಿಯುತ್ತಿರುವ ಅವಳಿಗೆ ಬಾಗಿಲ ಮೇಲಿನ ನಿಮ್ಮ ಹೆಸರೂ ಬರೀ ಗೀಟಾಗಿಯೇ ಕಾಣುತ್ತದೆ.

ನಾನು ಗೀಟು ಎಳೆದಿಲ್ಲ. ಪುಸ್ತಕಕ್ಕೆ ಎಂಟು ಪುಟ, ಪುಟಕ್ಕೊಂದು ಪದ. ಮೊದಲನೆಯದು ಮರ, ಎರಡನೆಯದು ಅರಗು. ಕೊನೆಯ ಪುಟದಲ್ಲಿ ಅಮ್ಮಿಯ ಹೆಸರು, ರೋಶನ್ ಬೀ. ಹತ್ತೊಂಬತ್ತರಲ್ಲೂ ಹೀಗೆಯೇ ಇದೆ.

ಇದು ನಿಮಗೆ ಒಪ್ಪಿಗೆಯಾಗದಿದ್ದರೆ ಗೀಟು ಎಳೆಯುವವರನ್ನು ಬೇರೆ ನೋಡಿಕೊಳ್ಳಿ. ನಾನು ಎಳೆಯುವುದಿಲ್ಲ. ಪುಟಗಳಿಗೆ ಗೋಂದು ಹಚ್ಚಿ ಮುಚ್ಚಿಸಲೂ ಬೇಡಿ. ಪುಸ್ತಕಗಳನ್ನು ಹಾಗೆಯೇ ವಾಪಸು ಕಳಿಸಿ.

ಇಪ್ಪತ್ತನೆಯದು ನಮ್ಮ ಮನೆಯಲ್ಲಿದೆ. ಅದನ್ನು ಕೊಡುವುದಿಲ್ಲ. ಕೆಲಸಕ್ಕೆಂದು ನೀವು ಕೊಟ್ಟಿದ್ದ ಭೂತಕನ್ನಡಿಯೂ ಇನ್ನೊಂದು ವಾರ ಇಲ್ಲೇ ಇರಲಿ.

ಅಮ್ಮಿ ಓದುತ್ತ ಐದನೆಯ ಪುಟಕ್ಕೆ ಬಂದಿದ್ದಾಳೆ.

ಇಂತು,
ರೋಶನ್ ಬೀ ಮಗಳು
ಫಿರೋಜಾ