ನಿಂಬೆ ಗಿಡಕ್ಕೆ ಹೊಗೆ

ಆಗಸ್ಟ್ 3, ಬೆಳಿಗ್ಗೆ

ಕೆಳಗಿನ ಕೊಂಬೆಯಲ್ಲಿ ಒಂದೆಲೆಯೂ ಉಳಿದಿಲ್ಲ. ತಿನ್ನಲಿ. ನಿನ್ನೆಯವರೆಗೆ ಹಕ್ಕಿಯ ಹಿಕ್ಕೆಯಂತಿದ್ದ ಚಿಟ್ಟೆಹುಳ ಇವತ್ತು ಹಸಿರು. ಬೆರಳು ತಾಗಿಸಿದೆ, ಕಿತ್ತಳೆ ಕೋಡು ಚಾಚಿ ಹೆದರಿಸಿತು. ಭೇಷ್. ಹೊಲಿಗೆ ಮೆಷಿನ್ ಮೇಲೆ ಯಾರದೋ ಅಂಗಿ ಅರ್ಧಕ್ಕೇ ನಿಂತಿದೆ…

ಅಷ್ಟರಲ್ಲಿ ಮೈಕು. ವಾರ್ಡ್ ಮುಖ್ಯಸ್ಥ, ಆ ಕೋ ಎಂಬವನ ದನಿ. ಪಕ್ಕದ ಗಲ್ಲಿಯಲ್ಲಿ ಡೆಂಗ್ಯೂ ಅಂತೆ. ಗುರುವಾರ ಮನೆಮನೆಗೆ ಔಷಧದ ಹೊಗೆ, ಎಲ್ಲರೂ ಬಾಗಿಲು ತೆಗೆಯಬೇಕಂತೆ. ಸೊಳ್ಳೆ ಯಾವುದು, ಚಿಟ್ಟೆ ಯಾವುದು ಅಂತ ಹೊಗೆಗೇನು ಗೊತ್ತು?

ಆಗಸ್ಟ್ 4

ಮುಖ್ಯಸ್ಥನ ಆಫೀಸಿಗೆ ಹೋದೆ. ಮನೆಯೊಳಗೆ ಹಾಕಿ, ಅಂಗಳ ಬಿಡಿ ಎಂದೆ. ಚಹಾ ಬಗ್ಗಿಸುತ್ತ ನಕ್ಕ.

“ಹುಳಕ್ಕೆ ಓಟಿದೆಯೇನಮ್ಮ, ಶ್ಯೂ-ಚಿನ್? ಇದ್ದಿದ್ರೆ ಮೊದ್ಲು ಅವುಗಳ ಕಾಲಿಗೇ ಬೀಳ್ತಿದ್ದೆ.”

ಕೂತವರೆಲ್ಲ ನಕ್ಕರು. ಆ ಚಹಾವನ್ನು ಅವನ ತಲೆಗೇ ಸುರಿಯಬೇಕಿತ್ತು.

ಆಗಸ್ಟ್ 6, ಮಧ್ಯಾಹ್ನ

ನಿಂಬೆಯ ಕುಂಡವನ್ನು ಬಚ್ಚಲಿಗೆ ಎಳೆದುಕೊಂಡೆ. ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಷಟರ್ ಎಳೆದು ಒಳಗೇ ಕೂತೆ. ಕೋ ಬಂದು ಷಟರ್ ಬಡಿದ. ಪಕ್ಕದ ಮನೆಯ ಆ-ಚೂ ಅಕ್ಕನ ದನಿ ಕೇಳಿಸಿತು:

“ಅವ್ಳು ಕಾವ್‌ಶ್ಯುಂಗ್‌ಗೆ ಹೋದ್ಲು, ತಂಗಿ ಮನೆಗೆ. ಸುಮ್ನೆ ಷಟರ್ ಮುರೀಬೇಡ್ರಪ್ಪ!”

ನನಗೆ ತಂಗಿಯೇ ಇಲ್ಲ. ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆ. ಗೆದ್ದೆ.

ಆಗಸ್ಟ್ 14

ಆ-ಚೂ ಅಕ್ಕನಿಗೆ ಜ್ವರ. ಡೆಂಗ್ಯೂ. ಆಸ್ಪತ್ರೆಗೆ ಒಯ್ದರು. ಹೋಗುವಾಗ ಚಪ್ಪಲಿ ಅದಲುಬದಲು ಹಾಕಿಕೊಂಡಿದ್ದಳು.

ಆಗಸ್ಟ್ 15

ಕೋ ಟಾರ್ಚ್ ಹಿಡಿದು ಬಂದ. ಈ ಸಲ ಷಟರ್ ತೆಗೆದೆ. ನೆಟ್ಟಗೆ ತಾರಸಿಗೆ ಹೋದ. ಮಡಚಿಟ್ಟ ಟಾರ್ಪಾಲಿನ ಮಡಿಕೆಯಲ್ಲಿ ಮಳೆನೀರು. ನೀರಿನಲ್ಲಿ ಸೊಳ್ಳೆಮರಿಗಳು, ಕುಣಿಯುತ್ತಿದ್ದವು.

“ಇವನ್ನೂ ಸಾಕ್ತಿದ್ದೀಯಾ?”

ಸಂಜೆಯೊಳಗೆ ಗಲ್ಲಿಗೆಲ್ಲ ಸುದ್ದಿ. ಸೋಯಾ ಹಾಲಿನ ಅಂಗಡಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆದಳು. ಸಿಟ್ಟು ಬರುತ್ತಿದೆ. ಅವಳ ಮೇಲೆ, ಆ ಕೋ ಮೇಲೆ. ಆ ಟಾರ್ಪಾಲು ಮಡಚಿಟ್ಟ ನನ್ನ ಈ ಎರಡು ಕೈಗಳ ಮೇಲೆ.

ಆಗಸ್ಟ್ 17

ಆಸ್ಪತ್ರೆ. ಆ-ಚೂ ಅಕ್ಕನ ಮುಖ ಇಷ್ಟೇ ಇಷ್ಟಾಗಿದೆ.

“ಯಾಕೆ ಸುಳ್ಳು ಹೇಳಿದೆ?” ಎಂದು ಅವಳ ಮೇಲೇ ರೇಗಿದೆ. “ನೀನು ಸುಮ್ಮನಿದ್ದಿದ್ರೆ ಅವ್ರು ಒಳಗೆ ಬರ್ತಿದ್ರು. ಆ ನೀರು ಅವತ್ತೇ ಕಣ್ಣಿಗೆ ಬೀಳ್ತಿತ್ತು!”

“ಸೊಳ್ಳೆ ವಿಳಾಸ ಹೇಳಿ ಕಚ್ಚತ್ತಾ? ಸಾಕು, ಕಿರುಚಬೇಡ. ಆ ಪೇರಲೆ ಹಣ್ಣು ಹೆಚ್ಚು.”

ಹೆಚ್ಚಿಕೊಟ್ಟೆ. ಒಂದು ಹೋಳೂ ಅವಳಿಗೆ ಸೇರಲಿಲ್ಲ.

ಆಗಸ್ಟ್ 19

ಎರಡನೇ ಸಲದ ಹೊಗೆ. ಷಟರ್ ನಾನೇ ಎತ್ತಿದೆ. ಹುಳಗಳನ್ನೂ ಕೋಶ ಕಟ್ಟಿದ ರೆಂಬೆಗಳನ್ನೂ ರಟ್ಟಿನ ಡಬ್ಬಿಯಲ್ಲಿಟ್ಟು, ಬಿಟ್ಟುಬರಲು ಪಾರ್ಕಿನ ಕಡೆ ಹೊರಟೆ. ಕೋ ನೋಡಿದ.

“ಇಷ್ಟೇ ಕೆಲ್ಸ. ಅವತ್ತೇ ಮಾಡೋಕೇನಾಗಿತ್ತು?”

ಏನಾಗಿತ್ತು! ನೀನು ಹೇಳಿದ್ದನ್ನು ಕೇಳಬಾರದು ಅಂತಾಗಿತ್ತು. ಡಬ್ಬಿ ಎದೆಗವಚಿಕೊಂಡು ಮುಂದೆ ನಡೆದೆ. ಅವನು ಹೇಳಿದ್ದು ಸರಿ, ಅದಕ್ಕೇ ಇನ್ನಷ್ಟು ಉರಿಯಿತು.

ಆಗಸ್ಟ್ 27, ಬೆಳಿಗ್ಗೆ

ಆ-ಚೂ ಅಕ್ಕ ಮನೆಗೆ ಬಂದಿದ್ದಾಳೆ. ನನ್ನ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಗಂಜಿ ಕುಡಿಯುತ್ತಾಳೆ. ಮೈ ಸೋತಿದೆ, ನಾಲಿಗೆ ಸೋತಿಲ್ಲ.

ನಿಂಬೆ ಎಲೆಗಳಿಗೆ ಇನ್ನೂ ಔಷಧದ ವಾಸನೆ. ತೊಳೆದೆ, ಮತ್ತೆ ತೊಳೆದೆ, ಹೋಗುತ್ತಿಲ್ಲ; ತಿಂದ ಹುಳ ಬದುಕುವುದಿಲ್ಲ. ಇವತ್ತು ದೊಡ್ಡದೊಂದು ಕಪ್ಪು ಚಿಟ್ಟೆ ಬಂತು. ಮೊಟ್ಟೆಯಿಡಲು ಹೊಟ್ಟೆ ಬಗ್ಗಿಸಿತು. ಎಷ್ಟು ವರ್ಷದಿಂದ ಇವುಗಳ ದಾರಿ ಕಾದವಳು ನಾನು—ಟವೆಲ್ ಬೀಸಿ ಅಟ್ಟಿದೆ. “ಹೋಗು! ಬೇರೆ ಗಿಡ ಇಲ್ವಾ ನಿನಗೆ? ಹೋಗೇ!” ಗಂಟಲು ಬಿರಿಯುವಂತೆ ಕೂಗಿದೆ. ಗಲ್ಲಿಯವರು ಕಿಟಕಿಗೆ ಬಂದು ನೋಡಿದರು. ನೋಡಲಿ.

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಆ-ಚೂ ಅಕ್ಕ ಕೂಗುತ್ತಿದ್ದಾಳೆ, “ಮತ್ತೆ ಬಂತು ಕಣೇ, ಬೇಗ ಬಾ! ಮೇಲಿನ ಕೊಂಬೆ, ಮೇಲಿನ—” ಎದ್ದು ಓಡಿಸೋಣ ಅಂತ ಹೊರಟಳೋ ಏನೋ, ಕುರ್ಚಿ ಸದ್ದಾಯಿತು. ನಿಲ್ಲೋಕೇ ಆಗದವಳು, ಈ ಮುದುಕಿಗೆ ಬುದ್ಧಿ— ಬಂದೆ ಅಕ್ಕ, ಕೂತ್ಕೋ!