ಕುವೈತಿನಲ್ಲಿ ಅಗ್ಗ, ನಾರ್ವೆಯಲ್ಲಿ ತುಟ್ಟಿ

ಚಾಮರಾಜಪೇಟೆ
14 ಜೂನ್ 2025, ಶನಿವಾರ

ತನ್ಮಯಿಯ ಅಪ್ಪನಿಗೆ ಚೂಡಾಮಣಿಯ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ಹ್ಞೂಂ ಬಿಟ್ಟು ಬೇರೆ ಮಾತಿಲ್ಲ. ಅದಕ್ಕೇ ಈ ಕಾಗದ. ನಾಳೆ ನಿಮ್ಮನ್ನು ನೋಡಲು ವೈಯಾಲಿಕಾವಲ್‌ಗೆ ಬರುವ ಮಗಳ ಕೈಯಲ್ಲೇ ಕೊಡುತ್ತಿದ್ದೇನೆ. ಅವಳಿಗೆ ಒಂಬತ್ತನೇ ಕ್ಲಾಸಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ: ಪೆಟ್ರೋಲಿಗೆ ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಏಕೆ? ಅದನ್ನು ಓದಿ ಹೇಳಿದಾಗ ನಾನು ಒಲೆ ಆರಿಸಿಬಿಟ್ಟೆ.

ಅಪ್ಪನನ್ನೇ ಕೇಳುತ್ತೇನೆ ಎಂದಳು. ಬೇಡ, ನಾನೇ ಹೇಳುತ್ತೇನೆ ಬರೆದುಕೋ ಎಂದೆ. ಕಾಲೇಜಿನಲ್ಲಿ ಸಾಲದೆಂದು ಊಟದ ತಟ್ಟೆಯ ಮುಂದೆಯೂ ನೀವು ಮಾಡುತ್ತಿದ್ದ ಕಾಮರ್ಸ್ ಪಾಠವನ್ನು ಎಷ್ಟು ವರ್ಷ ಕೇಳಿಲ್ಲ ನಾನು! ಕಚ್ಚಾ ತೈಲದ ಬೆಲೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವೆಲ್ಲ ಆಯಾ ಸರ್ಕಾರ ಏನು ಮಾಡುತ್ತದೆ ಅನ್ನುವುದರಲ್ಲಿ. ಕುವೈತ್ ತಾನೇ ಹಣ ಹಾಕಿ ಅಗ್ಗ ಮಾಡುತ್ತದೆ. ನಾರ್ವೆಗೂ ಸ್ವಂತ ತೈಲವಿದೆ, ಆದರೂ ತೆರಿಗೆ ಹೇರಿ ತುಟ್ಟಿ ಮಾಡುತ್ತದೆ. ಭೂತಾನ್ ನಮ್ಮಿಂದಲೇ ಕೊಂಡು ನಮಗಿಂತ ಕಡಿಮೆಗೆ ಮಾರುತ್ತದೆ. ಹಾಗಾದರೆ ಅಲ್ಲೇ ಹೋಗಿ ಸ್ಕೂಟರಿಗೆ ಹಾಕಿಸಿಕೊಂಡು ಬಾರೋ ಎಂದು ಅತ್ತೆ ನಿಮ್ಮನ್ನು ರೇಗಿಸುತ್ತಿದ್ದದ್ದನ್ನು ನೆನೆದು ಇಬ್ಬರೂ ನಕ್ಕೆವು. ನಕ್ಕು, ಇಬ್ಬರೂ ಬಚ್ಚಲಮನೆಯ ಕಡೆ ನೋಡಿದೆವು.

ಹೋದ ದೀಪಾವಳಿಯಲ್ಲಿ, ಹಬ್ಬ ಮುಗಿದರೆ ಬೆಲೆ ಏರುತ್ತದೆಂಬ ಗಾಳಿಮಾತು ನಂಬಿ ನೀವು ಐದು ಲೀಟರ್ ಪೆಟ್ರೋಲ್ ತಂದಿಟ್ಟಿರಿ. ಅದೂ ಸೀಮೆಎಣ್ಣೆ ಕ್ಯಾನಿನ ಜೊತೆಗೇ ಚಿಕ್ಕಪೇಟೆಯಲ್ಲಿ ಕೊಂಡಿದ್ದ, ಅದರಂಥದೇ ಇನ್ನೊಂದು ನೀಲಿ ಕ್ಯಾನಿನಲ್ಲಿ. ಊರಿಗೆಲ್ಲ ಪಾಠ ಹೇಳುವವರಿಗೆ ಅಷ್ಟು ತಿಳಿಯಲಿಲ್ಲವೇ ಎಂದು ಸಿಟ್ಟು ಬರುತ್ತದೆ. ಆದರೂ ಪೆಟ್ರೋಲ್ ಎಂದು ಬರೆದ ಚೀಟಿ ಅಂಟಿಸಿ, ಹೊರಗಿನ ಮೆಟ್ಟಿಲ ಕೆಳಗೇ ಇಟ್ಟಿದ್ದಿರಿ.

ವರ್ಷವೆಲ್ಲ ಗೀಸರ್ ಇದ್ದರೂ ನಮ್ಮ ಮನೆಯಲ್ಲಿ ನರಕ ಚತುರ್ದಶಿಯ ಎಣ್ಣೆನೀರಿಗೆ ಹಂಡೆ, ಸೌದೆ ಒಲೆಯೇ ಆಗಬೇಕು. ಅದನ್ನು ಹಿರಿಯಳೇ ಹಚ್ಚಬೇಕು. ಸೀಮೆಎಣ್ಣೆಯೆಂದು ಆ ಕ್ಯಾನಿನದನ್ನೇ ಸೌದೆಗೆ ಸುರಿದು ಅತ್ತೆ ಹಚ್ಚಿದರು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ನಿಮ್ಮ ತಮ್ಮ ಆತ್ರೇಯ ಎಲ್ಲರೆದುರು, "ನಾಲ್ಕು ಕಾಸು ಉಳಿಸಕ್ಕೆ ಹೆತ್ತವಳನ್ನೇ ಸುಟ್ಬಿಟ್ಯಲ್ಲೋ" ಎಂದ. ನೀವು ತಲೆ ತಗ್ಗಿಸಿ ಎದ್ದು ಹೋದಿರಿ. ಅಂದಿನಿಂದ ಗೆಳೆಯ ಕಶ್ಯಪ್ ಅವರ ಮಹಡಿ ಕೋಣೆಯಲ್ಲಿ ಚಾಪೆಯ ಮೇಲೆ ಮಲಗುತ್ತೀರಂತೆ, ಸ್ಕೂಟರ್ ಮಾರಿ ಎಲ್ಲಿಗೂ ನಡೆದೇ ಹೋಗುತ್ತೀರಂತೆ. ಆತ್ರೇಯ ಆ ಮಾತಾಡಿದಾಗ ನಾನು ಪಾಯಸದ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನೆ ಮುಂದಿನ ಎಲೆಗೆ ಬಡಿಸಿದೆ.

ಚೀಟಿ ತಾನಾಗಿ ಉದುರಿತೆಂದು ನೀವು ನಂಬಿದ್ದೀರಿ. ಉದುರಲಿಲ್ಲ ರೀ. ಹಬ್ಬಕ್ಕೆಂದು ಮೆಟ್ಟಿಲು ತೊಳೆಯುವಾಗ ಆ ಕ್ಯಾನಿಗೂ ಸೋಪು ಹಾಕಿ ಉಜ್ಜಿದವಳು ನಾನು. ಚೀಟಿ ನೆನೆದು ಕೈಗೇ ಬಂತು. ಅಲ್ಲಿ ರಂಗೋಲಿ ಹಾಕಬೇಕಿತ್ತು, ಕ್ಯಾನನ್ನು ಬಚ್ಚಲಮನೆಯಲ್ಲಿ ಇಟ್ಟೆ. ಸಂಜೆ ತೆಗೆದರಾಯಿತೆಂದುಕೊಂಡೆ, ಮರೆತೆ.

ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ನೀವು. ನನ್ನ ಪಾಲಿನ ತೆರಿಗೆಯನ್ನೂ ಏಳು ತಿಂಗಳಿಂದ ನೀವೇ ಕಟ್ಟುತ್ತಿದ್ದೀರಿ. ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದೆ, ವಾಸನೆ ಹೋಗಲಿಲ್ಲ. ಬೆಳಗ್ಗೆ ಅಡುಗೆಮನೆಗೆ ಕಾಲಿಟ್ಟರೆ ಅತ್ತೆಯ ದನಿ ಕೇಳುತ್ತದೆ. ನನಗೆ ಭಯವಾಗುತ್ತದೆ.

ಈ ಕಾಗದವನ್ನು ಆತ್ರೇಯನಿಗೂ ಓದಿ ಹೇಳಿ. ಓದಿ, ಮನೆಗೆ ಬನ್ನಿ. ಆಮೇಲೆ ಈ ಮನೆಯಲ್ಲಿ ನಾನಿರಬೇಕೋ ಬೇಡವೋ ನೀವೇ ಹೇಳಿ.

ನಿಮ್ಮ
ಚೂಡಾಮಣಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕಾಗದ ಮಡಚಿ ಮತ್ತೆ ಬಿಡಿಸಿದ್ದೇನೆ. ಕೋವಿಡ್ ಬಂದು ಹೋದ ಮೇಲೆ ಅತ್ತೆಗೆ ವಾಸನೆ ತಿಳಿಯುತ್ತಿರಲಿಲ್ಲವಲ್ಲ, ಅದಕ್ಕೇ ಆ ಬೆಳಗ್ಗೆ ಬಚ್ಚಲಿನಿಂದ ಕೂಗಿ ಕೇಳಿದ್ದರು: "ಮಣೀ, ಇದು ಸೀಮೆಎಣ್ಣೇನೇ ತಾನೆ?" ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ತಿರುಗಿಯೂ ನೋಡದೆ ಹ್ಞೂಂ ಅಂದುಬಿಟ್ಟೆ. ಈಗ ದಿನಾ ಅದನ್ನೇ ಕೇಳುತ್ತಾರೆ. ಹಾಲು ಉಕ್ಕಿ ಹೋದರೂ ಸರಿ ಎಂದು ಬಚ್ಚಲಿನ ತನಕ ಓಡಿ, ಅಲ್ಲ ಅತ್ತೆ, ಅಲ್ಲ ಅನ್ನುತ್ತೇನೆ.