ನವೆಂಬರ್ ಒಂಬತ್ತರ ಗಾಜು

ಅಪ್ಪಾ,

ಇವತ್ತು ನವೆಂಬರ್ ಒಂಬತ್ತು. ಬರ್ಲಿನ್ ಗೋಡೆ ಬಿದ್ದ ದಿನವೆಂದು ನಮ್ಮ ಮಾಗ್ಡೆಬುರ್ಗ್ ಊರ ತುಂಬ ಬ್ಯಾಂಡು, ಬಿಯರು. ೧೯೩೮ರಲ್ಲಿ ಇದೇ ದಿನ ನಾಜಿಗಳು ಯೆಹೂದಿಗಳ ಅಂಗಡಿಗಳ ಗಾಜು ಒಡೆಯುವಾಗ ನೀನು ಪರದೆಯ ಹಿಂದೆ ಸುಮ್ಮನೆ ನಿಂತಿದ್ದೆ ಎಂದು ಗೊತ್ತಾದ ಮೇಲೆ ನಾನು ನಿನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಿನ್ನ ಮಣ್ಣಿಗೂ ಬರಲಿಲ್ಲ.

ಸಂಜೆ ಐದಕ್ಕೆ ನಾಲ್ವರು ನನ್ನ ಮನೆಯೆದುರಿನ ಕಬಾಬ್ ಅಂಗಡಿಗೆ ನುಗ್ಗಿದರು. "ಗೋಡೆ ಕೆಡವಿದ್ದು ನಿನಗೋಸ್ಕರ ಅಲ್ಲ ಕಣೋ!" ಎನ್ನುತ್ತ ಗಾಜೆಲ್ಲ ಪುಡಿ ಮಾಡಿ, ಅಂಗಡಿ ನಡೆಸುವ ಕುರ್ದಿ ವಲಸಿಗ ರೆಬಾರ್‌ನನ್ನು ಬೀದಿಗೆಳೆದು ಬೂಟುಗಾಲಲ್ಲಿ ಮುಖಕ್ಕೆ ಒದ್ದರು. ಹಲ್ಲು ಮುರಿದ ಬಾಯಲ್ಲೇ ಅವನು ನನ್ನ ಕಿಟಕಿ ನೋಡಿ ಕೂಗಿದ: "ಗುಡ್ರುನಮ್ಮಾ, ಪೊಲೀಸ್‌ಗೆ ಫೋನ್ ಮಾಡಿ!"

ಫೋನ್ ಕೈಯಲ್ಲೇ ಇತ್ತು. ಒದೆಯುತ್ತಿದ್ದವರಲ್ಲೊಬ್ಬ ತಲೆಯೆತ್ತಿ, "ಏನಜ್ಜಿ, ನಿಂಗೂ ಬೇಕಾ?" ಎಂದು ನಕ್ಕ.

ನಾನು ದೀಪ ಆರಿಸಿದೆ.

ಯಾರೋ ದಾರಿಹೋಕರು ಕರೆಸಿದ ಆಂಬುಲೆನ್ಸ್ ಅವನನ್ನು ಒಯ್ದ ಮೇಲೆ ಪೊರಕೆ ಹಿಡಿದು ಕೆಳಗಿಳಿದೆ. ಅವನ ಹೆಂಡತಿ ಬೆರಿವಾನ್ ರಕ್ತದ ನಡುವೆ ಕೂತು ಚೂರು ಆಯುತ್ತಿದ್ದಳು. ತಲೆಯೆತ್ತಿ ನನ್ನ ಕೈಯ ಪೊರಕೆ ನೋಡಿದಳು.

"ನೀವು ಬಿಡಿ, ಗುಡ್ರುನಮ್ಮ," ಎಂದಳು. "ಕೈಗೆ ಚುಚ್ಚೀತು."